ಹಿತ್ತಾಳೆ ತಾನಾಗಿಯೇ ಸೀಳುವುದೇಕೆ?

ಕೊಯಮತ್ತೂರಿನ ಎನ್‌ಸಿಸಿ ಶಿಬಿರದಿಂದ ವಾಪಸ್ ಬಂದ ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ಪ್ರಶ್ನೆ ತಂದಿದ್ದ. "ಐದು ಗುಂಡು ಹಾರಿಸಿದೆ ಸರ್. ಆಮೇಲೆ ನೆಲಕ್ಕೆ ಬಿದ್ದ ಐದೂ ಖಾಲಿ ಹಿತ್ತಾಳೆಯನ್ನು ಹುಡುಕಿ, ಎಣಿಸಿ ಕೊಡೋವರೆಗೂ ಬಿಡಲಿಲ್ಲ. ಗುಂಡು ಹೋಗಿ ಆಯ್ತಲ್ಲ, ಅದ್ಯಾಕೆ?"

ಮೊದಲನೆಯ ಕಾರಣ ಲೆಕ್ಕ. ಹಾರಿಸಿದ ಒಂದೊಂದು ಗುಂಡಿಗೂ ಸಾಕ್ಷಿ ಬೇಕು. ಇನ್ನೊಂದು ಕಾರಣವೂ ಇದೆ. ಕಾಡತೂಸಿನ ಈ ಹಿತ್ತಾಳೆ ಕವಚವನ್ನು ಕೇಸು ಅಂತಾರೆ. ದೊಡ್ಡ ರೈಫಲ್‌ನ ಕೇಸು ಚೆನ್ನಾಗಿದ್ದರೆ ಅದನ್ನು ಮತ್ತೆ ತುಂಬಿ ಬಳಸಬಹುದು. ಹುಡುಗ ಹಾರಿಸಿದ ಪಾಯಿಂಟ್ ಟೂ ಟೂ ಕೇಸಿಗೆ ಆ ಭಾಗ್ಯವಿಲ್ಲ. ಅದರಲ್ಲಿ ಕಿಡಿ ಹಚ್ಚುವ ಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುತ್ತದೆ, ರೈಫಲ್‌ನ ಪಿನ್ನು ಆ ಅಂಚನ್ನೇ ಜಜ್ಜಿಬಿಡುತ್ತದೆ. (ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕಾಡಿನಂಚಿನಲ್ಲಿ ಕಾಡತೂಸು ಕಂಡರೆ ಮುಟ್ಟಬೇಡಿ, ದೊಡ್ಡವರಿಗೆ ಹೇಳಿ.) ನಮಗೆ ಬೇಕಾದದ್ದು ಲೋಹದ ಕಥೆ. ಒಳ್ಳೆಯ ಕೇಸು, ಕೆಟ್ಟ ಕೇಸು ಅಂತ ಹೇಗೆ ತಿಳಿಯುತ್ತದೆ?

ಕೇಸಿನ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ರೈಫಲ್ ಹಾರಿದ ಕ್ಷಣದಲ್ಲಿ ಒಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ ಸುಮಾರು ಮೂರು ಸಾವಿರ ಪಟ್ಟು ಇರುತ್ತದೆ. ಆಗ ಕೇಸು ಉಬ್ಬಿ ನಳಿಕೆಯ ಗೋಡೆಗೆ ಒತ್ತಿಕೊಳ್ಳಬೇಕು, ಬಿಸಿ ಅನಿಲ ಹಿಂದಕ್ಕೆ ಸೋರಬಾರದು. ಮರುಕ್ಷಣವೇ ಸ್ವಲ್ಪ ಕುಗ್ಗಬೇಕು, ಇಲ್ಲವಾದರೆ ಹೊರಗೆ ಬರುವುದಿಲ್ಲ. ಪೂರಾ ಮೆತ್ತಗಿದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ, ಪೂರಾ ಗಡುಸಾಗಿದ್ದರೆ ಸೀಳುತ್ತದೆ. ಅದಕ್ಕೇ ಒಂದೇ ಕೇಸಿನಲ್ಲಿ ತಳ ಗಡುಸು, ಕತ್ತು ಮೆತ್ತಗೆ. ಸೇನೆಯ ಹೊಸ ಕೇಸುಗಳ ಕತ್ತಿನ ಹತ್ತಿರ ಕಂದು-ನೀಲಿ ಬಣ್ಣ ಕಂಡರೆ ಅದು ಕೊಳೆ ಅಲ್ಲ, ಅಲ್ಲಿ ಕಾಯಿಸಿದ ಗುರುತು.

ಒಂದೇ ಲೋಹ ಒಂದು ಕಡೆ ಗಡುಸು, ಇನ್ನೊಂದು ಕಡೆ ಮೆತ್ತಗೆ ಹೇಗಾಗುತ್ತದೆ? ಇದನ್ನು ಕಣ್ಣಾರೆ ನೋಡಬೇಕೆಂದರೆ ತಿರುಪ್ಪೂರಿನ ಅನುಪ್ಪರ್‌ಪಾಳ್ಯಕ್ಕೆ ಹೋಗಬೇಕು. ಅವಿನಾಶಿಯಿಂದ ತಿರುಪ್ಪೂರಿಗೆ ಬರುವ ದಾರಿಯಲ್ಲೇ ಇದೆ. ಬನಿಯನ್ ಊರು ಅಂತ ಹೆಸರಾದ ತಿರುಪ್ಪೂರಿನಲ್ಲಿ ಇದು ಪಾತ್ರೆಯ ಬೀದಿ, ಹಿತ್ತಾಳೆ-ತಾಮ್ರದ ಕೊಡ, ಅಂಡೆ, ದೀಪಗಳಿಗೆ ಪ್ರಸಿದ್ಧ. ಕೆಲಸಗಾರರು ತಗಡನ್ನು ಬಡಿಯುತ್ತಾ ಹೋದಂತೆ ಸದ್ದು ಬದಲಾಗುತ್ತದೆ. ಲೋಹದೊಳಗಿನ ಹರಳು ಕಣಗಳು ಜಾರಿ, ಒಂದಕ್ಕೊಂದು ಸಿಕ್ಕಿಹಾಕಿಕೊಂಡು, ಇನ್ನು ಜಾರಲಾರೆವು ಅನ್ನುವ ಸ್ಥಿತಿಗೆ ಬರುತ್ತವೆ. ಆಗ ತಗಡು ಗಡುಸು. ಇನ್ನೂ ಬಡಿದರೆ ಬಿರುಕು. ಅದಕ್ಕೆ ಕುಲುಮೆಯಲ್ಲಿ ಮಂದ ಕೆಂಪಾಗುವವರೆಗೆ ಕಾಯಿಸುತ್ತಾರೆ, ಹೊಸ ಹರಳುಗಳು ಹುಟ್ಟಿ ತಗಡು ಮತ್ತೆ ಮೆತ್ತಗಾಗುತ್ತದೆ. ಇದಕ್ಕೆ ಅನೀಲಿಂಗ್ ಎನ್ನುತ್ತಾರೆ. ಉಕ್ಕನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುತ್ತದೆ, ಹಿತ್ತಾಳೆ ಆಗುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ತಿರುಗಾಮುರುಗಾ ಬರೆಯುವವರೇ ಹೆಚ್ಚು!

ಕಾರ್ಖಾನೆಯಲ್ಲಿ ಕೇಸು ಮಾಡುವುದೂ ಹೀಗೆಯೇ. ದಪ್ಪ ಹಿತ್ತಾಳೆ ಬಿಲ್ಲೆಯನ್ನು ಬಟ್ಟಲಿನಂತೆ ಒತ್ತಿ, ಎಳೆದು, ಕಾಯಿಸಿ, ಮತ್ತೆ ಎಳೆದು ಉದ್ದ ಮಾಡುತ್ತಾರೆ.

ಈಗ ನಮ್ಮ ಮನೆಯ ಒಂದು ವಿಷಯ. ನಾನು ಚಿಕ್ಕವನಿದ್ದಾಗ ಅಜ್ಜಿಯ ಹಿತ್ತಾಳೆ ಕೊಡವೊಂದು ದನದ ಕೊಟ್ಟಿಗೆಯ ಮೂಲೆಯಲ್ಲಿ ಇರುತ್ತಿತ್ತು. ಒಂದು ಮಳೆಗಾಲ ಮುಗಿದ ಮೇಲೆ ನೋಡಿದರೆ ಬಾಯಿಯ ಅಂಚಿನಿಂದ ಕೆಳಕ್ಕೆ ಕೂದಲೆಳೆಯಂಥ ಸೀಳು. ತಂಗಿಯೇ ಬೀಳಿಸಿದಳು ಅಂತ ಅವಳಿಗೆ ಬೈಗುಳ ಬಿತ್ತು. ಅವಳು "ನಾನು ಮುಟ್ಟೇ ಇಲ್ಲ" ಅಂತ ಅತ್ತರೂ ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಬಿಎಸ್‌ಸಿ ಓದುವಾಗ ಒಂದು ಪುಟ ಓದಿ ಅವಳ ಮುಂದೆ ತಲೆ ತಗ್ಗಿಸಬೇಕಾಯಿತು.

ಆ ಪುಟದಲ್ಲಿದ್ದದ್ದು ಬ್ರಿಟಿಷರ ಕಾಲದ ಭಾರತ. 19ನೇ ಶತಮಾನದಲ್ಲಿ ಸೇನೆಯವರು ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ಮುಗಿದು ತೆಗೆದರೆ, ಒಮ್ಮೆಯೂ ಹಾರಿಸದ ಕೇಸುಗಳ ಕತ್ತಿನಲ್ಲಿ ಸೀಳು. ಋತುವಿಗೆ ತಕ್ಕಂತೆ ಬರುತ್ತಿದ್ದ ಕಾರಣ 'ಸೀಸನ್ ಕ್ರ್ಯಾಕಿಂಗ್' ಎಂದು ಹೆಸರಾಯಿತು. ಕಾರಣ ಸ್ಪಷ್ಟವಾಗಿ ತಿಳಿದದ್ದು 1921ರಲ್ಲಿ, ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರ ಅಧ್ಯಯನದಿಂದ. ಕುದುರೆಯ ಗಂಜಲದಿಂದ ಅಮೋನಿಯಾ ಏಳುತ್ತದೆ. ಮಳೆಗಾಲದ ತೇವದಲ್ಲಿ ಅದು ಹಿತ್ತಾಳೆಯ ಮೇಲೆ ಕೂತು ತಾಮ್ರವನ್ನು ಕರಗಿಸುತ್ತದೆ. ಗುಂಡು ಬಿಗಿಯಾಗಿ ಹಿಡಿಯಲೆಂದು ಕತ್ತನ್ನು ಒತ್ತಿದ್ದರಿಂದ ಅಲ್ಲಿ ಮೊದಲೇ ಎಳೆತ ಉಳಿದಿರುತ್ತದೆ. ಅಮೋನಿಯಾ ಹರಳು ಕಣಗಳ ಗಡಿಯನ್ನು ಕೊರೆಯುತ್ತದೆ, ಒಳಗಿನ ಎಳೆತ ಅದನ್ನು ಅಗಲಿಸುತ್ತದೆ. ಎರಡರಲ್ಲಿ ಒಂದೇ ಇದ್ದರೆ ಹೀಗೆ ಸೀಳದು. ನಮ್ಮ ಕೊಡಕ್ಕೂ ಬಡಿದು ತಿರುಗಿಸಿದ ಬಾಯಿಯ ಎಳೆತವಿತ್ತು, ದನದ ಗಂಜಲವಿತ್ತು, ಮಳೆಯೂ ಇತ್ತು.

ಪರಿಹಾರ ಸುಲಭ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಗಡುಸುತನ ಹೆಚ್ಚು ಕಳೆಯದೆ ಒಳಗಿನ ಎಳೆತ ಮಾತ್ರ ಇಳಿಯುತ್ತದೆ. ಹಾಗಾಗಿ ಕೇಸು ಆರಿಸುವವರು ಹೊಳಪಿಗೆ ಮರುಳಾಗುವುದಿಲ್ಲ. ಕತ್ತಿನಲ್ಲಿ ಕೂದಲೆಳೆಯ ಸೀಳಿದೆಯೇ, ಗೋಡೆಯ ದಪ್ಪ ಸುತ್ತಲೂ ಒಂದೇ ಸಮ ಇದೆಯೇ, ತಳದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಾಣುತ್ತದೆಯೇ ಅಂತ ನೋಡುತ್ತಾರೆ. ಆ ಉಂಗುರ ಕಂಡರೆ ಲೋಹ ಒಳಗಿನಿಂದ ತೆಳುವಾಗಿದೆ ಎಂದರ್ಥ, ಮುಂದಿನ ಸಲ ಅಲ್ಲಿಯೇ ತುಂಡಾಗಬಹುದು. ಮೈ ಉಜ್ಜಿ ಫಳಫಳ ಮಾಡಿದ ಕೇಸೇ ಒಳಗೆ ದಣಿದಿರಬಹುದು. ಹಿತ್ತಾಳೆಯನ್ನು ಅಮೋನಿಯಾ ಇರುವ ದ್ರಾವಣದಿಂದ ಉಜ್ಜುವುದಂತೂ ಬೇಡವೇ ಬೇಡ.

ತರಗತಿಯಲ್ಲಿ ಎರಡು ಪ್ರಯೋಗ ಮಾಡಿ ನೋಡಿ. ಪ್ಲಾಸ್ಟಿಕ್ ಸುಲಿದ ದಪ್ಪ ತಾಮ್ರದ ತಂತಿಯನ್ನು ಒಂದೇ ಜಾಗದಲ್ಲಿ ನಾಲ್ಕೈದು ಸಲ ಬಗ್ಗಿಸಿ, ಗಡುಸಾಗುವುದು ಬೆರಳಿಗೇ ತಿಳಿಯುತ್ತದೆ. ಇಕ್ಕಳದಲ್ಲಿ ಹಿಡಿದು ಸ್ಪಿರಿಟ್ ದೀಪದಲ್ಲಿ ಚೆನ್ನಾಗಿ ಕಾಯಿಸಿ, ಆರಿದ ಮೇಲೆ ಮತ್ತೆ ಬಗ್ಗಿಸಿ. ಎರಡನೆಯದು ಟೀಚರ್ ಎದುರಿಗೇ ಮಾಡಬೇಕು: ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಅಮೋನಿಯಾ ದ್ರಾವಣವನ್ನು ಹನಿ ಹನಿಯಾಗಿ ಹಾಕಿ. ಮೊದಲು ತಿಳಿ ನೀಲಿ ಗಸಿ, ಆಮೇಲೆ ಗಸಿ ಕರಗಿ ದಟ್ಟ ನೀಲಿ. ಅಮೋನಿಯಾ ತಾಮ್ರವನ್ನು ಹಿಡಿದು ನೀರಿನಲ್ಲಿ ಕರಗಿಸಿಕೊಂಡದ್ದರ ಬಣ್ಣ ಅದು. ಅಜ್ಜಿಯ ಕೊಡದ ಸೀಳಿನೊಳಗೂ ನಡೆದದ್ದು ಇದೇ.