ನಿರಾಶ್ರಿತ ಬಾಲಿಕೆಯರೂ ಹೈಸ್ಕೂಲಿನ ಬಾಗಿಲೂ

ಹೊಸಕೋಟೆಯಲ್ಲಿ ಉದ್ಯೋಗದಲ್ಲಿರುವ ತಂದೆಗೆ ನೆಲಮಂಗಲಕ್ಕೆ ವರ್ಗವಾದರೆ, ಮಗಳು ಹಳೆಯ ಶಾಲೆಯಿಂದ ವರ್ಗಾವಣೆ ಪತ್ರವನ್ನು ಪಡೆದು ಹೊಸ ಶಾಲೆಯನ್ನು ಸೇರುವಳು. ಆ ಕಾಗದವನ್ನು ನಾವಾರೂ ದೊಡ್ಡ ವಸ್ತುವೆಂದು ಎಣಿಸುವುದಿಲ್ಲ. ಶಾಲೆಯೇ ಸುಟ್ಟುಹೋದ ಊರಿನಿಂದ ರಾತ್ರಿಯಲ್ಲಿ ಗಡಿಯನ್ನು ದಾಟಿ ಬಂದ ಬಾಲಿಕೆಯು ಅದನ್ನು ಯಾರಿಂದ ತರಬೇಕು?

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಈ ವಿಷಯದಲ್ಲಿ ಉದಾರವಾಗಿಯೇ ಇದೆ. 6ರಿಂದ 14 ವರ್ಷದ ‘ಪ್ರತಿಯೊಂದು ಮಗು’ವಿಗೆ ಅದು ಅನ್ವಯಿಸುವುದು, ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶವನ್ನು ನಿರಾಕರಿಸಕೂಡದು, ಓದು ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿಯನ್ನು ಕೊಡತಕ್ಕದ್ದು. ಆದರೆ ಈ ಆಸರೆಯು ಎಂಟನೆಯ ತರಗತಿಯೊಡನೆ ಮುಗಿದುಹೋಗುವುದು. ಎಂಟನೆಯದು ನಮ್ಮಲ್ಲಿ ಹೈಸ್ಕೂಲಿನ ಮೊದಲನೆಯ ಮೆಟ್ಟಿಲಷ್ಟೆ. ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗವು 2019ರಲ್ಲಿ ಪ್ರಕಟಿಸಿದ ವರದಿಯಂತೆ, ಲೋಕದ ನಿರಾಶ್ರಿತ ಮಕ್ಕಳಲ್ಲಿ ನೂರಕ್ಕೆ 63 ಮಂದಿ ಪ್ರಾಥಮಿಕ ಶಾಲೆಯಲ್ಲಿದ್ದರೆ, ಪ್ರೌಢಶಾಲೆಗೆ ಬಂದವರು 24 ಮಾತ್ರ. ಉನ್ನತ ಶಿಕ್ಷಣಕ್ಕೆ 3. ಅನಂತರ ಈ ಅಂಕೆಗಳು ಏರಿವೆ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಕುಗ್ಗುವ ಕ್ರಮವು ಮಾತ್ರ ಹಾಗೆಯೇ ಇದೆ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಬೇರೊಂದು ದೃಷ್ಟಾಂತವುಂಟು. 1959ರ ಅನಂತರ ಟಿಬೆಟ್ಟಿನಿಂದ ಬಂದವರಿಗೆ 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯೂ, 1966ರಲ್ಲಿ ಮುಂಡಗೋಡಿನಲ್ಲಿಯೂ ನೆಲೆಗಳು ದೊರೆತವು. ಹಿರಿಯರು ಕಾಡನ್ನು ಕಡಿದು ಜೋಳ ಬಿತ್ತಿದರು. ಮಕ್ಕಳ ಪಾಡು ಬೇರೆ: ಮನೆಯಲ್ಲಿ ಟಿಬೆಟನ್, ಪಾಠದಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಸಂತೆಯಲ್ಲಿ ಕನ್ನಡ. ಒಂದು ಬಾಲ್ಯಕ್ಕೆ ಇಷ್ಟು ಲಿಪಿಗಳ ಭಾರವು ಕಡಿಮೆಯೇನಲ್ಲ. ಆದರೂ ಭಾರತ ಸರ್ಕಾರವು 1961ರಲ್ಲಿ ಟಿಬೆಟನ್ ಶಾಲೆಗಳಿಗಾಗಿಯೇ ಒಂದು ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿದ್ದರಿಂದ ಶಾಲೆಯು ಮಕ್ಕಳ ನೆಲೆಗೇ ಬಂದಿತು. ಹಳೆಯ ಊರಿನ ಕಾಗದವನ್ನು ಕೇಳುವವರಿರಲಿಲ್ಲ.

ನಗರದ ಓಣಿಗಳಲ್ಲಿ ಚೆದುರಿ ವಾಸಿಸುವ ನಿರಾಶ್ರಿತ ಕುಟುಂಬಗಳಿಗೆ ಇಂಥ ಭಾಗ್ಯವೆಲ್ಲಿ? ಬಾಡಿಗೆಯ ಮನೆ ಬದಲಾದಂತೆ ಶಾಲೆಯೂ ಬದಲಾಗಬೇಕು. ತಾಯಿ ಕೂಲಿಗೆ ಹೋದರೆ ಕಂಕುಳ ಕೂಸನ್ನು ನೋಡಿಕೊಳ್ಳುವವಳು ಹಿರಿಯ ಮಗಳು. (ಮಗ್ಗದ ಮನೆಗಳಿರುವ ದೊಡ್ಡಬಳ್ಳಾಪುರದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ.) ಹೀಗೆ ಎರಡು ಮೂರು ವರುಷಗಳು ಕಳೆದುಹೋಗುವುವು. ಆಮೇಲೆ ಹದಿನೈದರ ಹುಡುಗಿಯು ಐದನೆಯ ತರಗತಿಯ ಪುಸ್ತಕವನ್ನು ಹಿಡಿದು, ಹತ್ತು ವರುಷದ ಮಕ್ಕಳ ನಡುವೆ ಕುಳಿತುಕೊಳ್ಳಲು ನಾಚುವಳು. ಕಾಯಿದೆಯ ವಯಸ್ಸನ್ನು ಮೀರಿದ ಅವಳು ಪ್ರವೇಶವನ್ನು ಹಕ್ಕೆಂದು ಕೇಳುವಂತೆಯೂ ಇಲ್ಲ. ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು, ಅವಳ ತಾಯಿಯು ಬರಿಗೈಯಲ್ಲಿ ಬಂದು ನಿಂತ ದಿನ, ಮುಖ್ಯೋಪಾಧ್ಯಾಯಿನಿಯ ಮೇಜಿನ ಮುಂದೆಯೇ ತೀರ್ಮಾನವಾಗುವುದು.