ಶ್ರೀರಂಗಪಟ್ಟಣದ ಮುತ್ತಿಗೆಗಳು ಮತ್ತು ಮುಂಚಿತ ನೆಲಪರಿಶೀಲನೆ

ಶ್ರೀರಂಗಪಟ್ಟಣ ಕಾವೇರಿಯ ದ್ವೀಪ. ನದಿಯ ಆಳ ತಿಳಿಯದೆ ಇದನ್ನು ಮುತ್ತುವಂತಿರಲಿಲ್ಲ. 1791ರ ಮೇ 15ರಂದು ಅರಕೆರೆಯಲ್ಲಿ ಗೆದ್ದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್, ಮಳೆ ಹಿಡಿದು ಎತ್ತುಗಳು ಸತ್ತಾಗ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂತಿರುಗಿದ. 1792ರ ಫೆಬ್ರುವರಿಯಲ್ಲಿ ಫ್ರೆಂಚ್ ರಾಕ್ಸ್ ಬಳಿ ಬೀಡುಬಿಟ್ಟು, ಟಿಪ್ಪುವಿನ ಠಾಣೆಗಳನ್ನು ನೋಡಿಕೊಂಡು 6ರ ರಾತ್ರಿ ದಾಳಿಮಾಡಿದ. ಫ್ರೆಂಚ್ ರಾಕ್ಸ್ ಎಂದರೆ ಇಂದಿನ ಪಾಂಡವಪುರ. ಮೈಸೂರಿಗೆ ನೆರವಾದ ಫ್ರೆಂಚ್ ಸೈನಿಕರ ಬೀಡಿನಿಂದ ಬಂದ ಹೆಸರು.

1799ರ ಏಪ್ರಿಲ್ 5ರ ರಾತ್ರಿ ಆರ್ಥರ್ ವೆಲ್ಲೆಸ್ಲಿ ಸುಲ್ತಾನ್‌ಪೇಟೆ ತೋಪಿನ ಮೇಲೆ ನುಗ್ಗಿ ಸೋತ. ಹಗಲಲ್ಲಿ ನೆಲ ನೋಡಿರಲಿಲ್ಲ. ಕತ್ತಲಲ್ಲಿ ದಂಡು ದಾರಿತಪ್ಪಿ ಚದುರಿತು. ಮುಂದೆ ನೆಪೋಲಿಯನ್‌ನನ್ನು ಸೋಲಿಸಿದ ಸೇನಾನಿಗೆ ಇಲ್ಲಿ ಸಿಕ್ಕಿದ್ದು ಈ ಪಾಠ. ಮೇ 3ರ ರಾತ್ರಿ ಲೆಫ್ಟಿನೆಂಟ್ ಲಾಲರ್ ನದಿಗಿಳಿದು, ಬಂಡೆಗಳ ನಡುವೆ ಕಾಲಿಟ್ಟು ಹಾಯ್ಗಡ ಗುರುತಿಸಿ ಬಂದ. ಮರುದಿನ, ಮೇ 4ರ ಮಧ್ಯಾಹ್ನ, ಡೇವಿಡ್ ಬೇರ್ಡ್‌ನ ಪಡೆ ನದಿ ದಾಟಿ ವಾಯವ್ಯ ಮೂಲೆಯ ಬಿರುಕಿನಿಂದ ಕೋಟೆ ಹೊಕ್ಕಿತು. ಟಿಪ್ಪು ಹೋರಾಡುತ್ತಲೇ ಮಡಿದ.