ದಿನಾ ಹಾಕಬೇಕಾದ ರಂಗೋಲಿ

ತಮ್ಮಾ,

ತಾಂಡೂರಿನ ಕಿರಾಣಿ ಅಂಗಡಿಯೊಂದಕ್ಕೆ ಬಿಲ್ಲಿನ ಮೊತ್ತ ತೋರಿಸುವ ಹಸಿರು ಡಿಸ್‌ಪ್ಲೇ ಮಾಡಿಕೊಡುತ್ತಿದ್ದೀ. ‘ಈ ಐಸಿಗೆ ಕನ್ನಡ ಬರೋದಿಲ್ಲ ಕಾಕಾ’ ಅಂತ ನಿನ್ನೆ ಫೋನಿನಲ್ಲಿ ಬೇಸರ ಮಾಡಿಕೊಂಡೆ. ನಿಜ ಹೇಳಲೇ? ಅದಕ್ಕೆ ಇಂಗ್ಲಿಷೂ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಚುಕ್ಕೆ ಮಾತ್ರ.

ಮೊದಲು ಗಾಜಿನೊಳಗೆ ನೋಡು. ಗಾಳಿ ತೆಗೆದ ಆ ಗಾಜಿನಲ್ಲಿ ಕೂದಲೆಳೆಯಂಥ ಟಂಗ್‌ಸ್ಟನ್ ತಂತಿ ಕಾದು ಎಲೆಕ್ಟ್ರಾನು ಬಿಡುತ್ತದೆ. ಕೆಳಗೆ ಒಂದೊಂದು ಅಕ್ಷರದ ಮನೆಗೂ ಒಂದೊಂದು ಜಾಲರಿ, ಅದೇ ಗ್ರಿಡ್. ಅದರಡಿ ಸತುವಿನ ಆಕ್ಸೈಡ್ ಬಳಿದ ಚುಕ್ಕೆಗಳು: ಅಡ್ಡ 5, ಉದ್ದ 7, ಒಟ್ಟು 35. ಗ್ರಿಡ್ಡಿಗೂ ಚುಕ್ಕೆಗೂ ಒಮ್ಮೆಗೇ ವೋಲ್ಟೇಜು ಸಿಕ್ಕರೆ ಮಾತ್ರ ಚುಕ್ಕೆ ಬೆಳಗುತ್ತದೆ.

16 ಮನೆ ಅಂದರೆ 560 ಚುಕ್ಕೆ. ಒಂದೊಂದಕ್ಕೂ ತಂತಿ ಎಳೆದರೆ ಮುಗಿಯಿತು ಕತೆ! ಅದಕ್ಕೇ ಎಲ್ಲ ಮನೆಗಳ ಮೊದಲ ಚುಕ್ಕೆಗೆ ಒಂದೇ ತಂತಿ, ಎರಡನೆಯದಕ್ಕೆ ಇನ್ನೊಂದು, ಹೀಗೆ 35. ಗ್ರಿಡ್ಡಿನವು 16. ಒಟ್ಟು 51ರಲ್ಲಿ ಕೆಲಸ ಆಯಿತು. ಡಂಗುರ ಓಣಿಗೆಲ್ಲ ಕೇಳಿದರೂ ಬಾಗಿಲು ತೆರೆದ ಮನೆಗೆ ಮಾತ್ರ ಅನ್ವಯ ಅಂದುಕೋ. ಡಿಸ್‌ಪ್ಲೇ ನಡೆಸುವ ಪಿಟಿ6302ರಂಥ ಐಸಿ ಒಂದು ಗ್ರಿಡ್ಡಿನ ಬಾಗಿಲು ತೆರೆದು, ಮುಚ್ಚಿ, ಮುಂದಿನದಕ್ಕೆ ಹೋಗುತ್ತದೆ. ನಡುವೆ ಕ್ಷಣಮಾತ್ರ ಎಲ್ಲವನ್ನೂ ಆರಿಸುತ್ತದೆ. ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ನೆರಳಕ್ಷರ ಮೂಡೀತು. ಸುತ್ತು ಎಷ್ಟು ಜೋರೆಂದರೆ, ಒಂದೇ ಮನೆ ಬೆಳಗುತ್ತಿದ್ದರೂ ನಮ್ಮ ಕಣ್ಣಿಗೆ ಎಲ್ಲವೂ ಬೆಳಗಿದಂತೆ.

ನೀನು ಕಳಿಸುವುದು ಅಕ್ಷರವಲ್ಲ, ಅದರ ನಂಬರು. ಐಸಿ ತನ್ನ ರಾಮ್‌ನಲ್ಲಿ ಅದನ್ನು ಬರೆದಿಟ್ಟುಕೊಂಡು, ಆ ನಂಬರಿನ ಚುಕ್ಕೆಚಿತ್ರವನ್ನು ರಾಮ್‌ನ ಪಕ್ಕದ ರೋಮ್‌ನಲ್ಲಿ ಹುಡುಕುತ್ತದೆ. ರೋಮ್ ಎಂಬುದು ತಾಂಡೂರು ಕಲ್ಲಿನಲ್ಲಿ ಕೊರೆದ ಹಾಗೆ, ಅಳಿಸಲಾಗದು. ಈ ಡಿಸ್‌ಪ್ಲೇ ಜಪಾನಿನಲ್ಲಿ ಬೆಳೆದದ್ದು. ಹಾಗಾಗಿ ಹಲವು ಐಸಿಗಳ ರೋಮ್‌ನಲ್ಲಿ ಇಂಗ್ಲಿಷಿನ ಜೊತೆ ಕಟಕಾನ ಲಿಪಿಯೂ ಇದೆ. ನಮ್ಮ ₹ ಗುರುತು ಬಂದದ್ದೇ 2010ರಲ್ಲಿ, ಅದಕ್ಕೂ ಹಳೆಯ ರೋಮ್‌ನಲ್ಲಿ ಅದೆಲ್ಲಿ ಸಿಗಬೇಕು?

ಆದರೆ ಮೊದಲ 8 ನಂಬರು ಖಾಲಿ ಬಿಟ್ಟಿದ್ದಾರೆ, ನೋಡು. ಅಲ್ಲಿ ನಿನ್ನ ಚಿತ್ರ ನೀನೇ ಬರೆಯಬಹುದು, ಅಕ್ಷರಕ್ಕೆ 5 ಬೈಟು. ಎಂಟೇ ಇರುವುದರಿಂದ ಜಾಣತನ ಬೇಕು. ನಾರಾಯಣಖೇಡದ ನಮ್ಮ ಅಕ್ಕನ ಮನೆಯಲ್ಲಿ ಅಡುಗೆಮನೆಗೆ ಕನ್ನಡ, ಅಂಗಳಕ್ಕೆ ತೆಲುಗು. ನಿನ್ನ ಗಿರಾಕಿಗಳೂ ಅಂಥವರೇ. ಕನ್ನಡಕ್ಕೆ ‘ದರ’, ತೆಲುಗಿಗೆ ‘ಧರ’. ಎರಡು ಲಿಪಿಗಳ ತಲೆಕಟ್ಟಿನ ವ್ಯತ್ಯಾಸ 5 ಚುಕ್ಕೆಯ ಅಗಲದಲ್ಲಿ ಹಿಡಿಯುವುದಿಲ್ಲ. ಒಂದೇ ‘ರ’ ಇಬ್ಬರಿಗೂ ಸಾಕು. ದ, ಧ, ರ, ₹: ನಾಲ್ಕು ನಂಬರು ತುಂಬಿದವು, ಇನ್ನೂ ನಾಲ್ಕು ಉಳಿದವು. ಒತ್ತಕ್ಷರದ ಆಸೆಗೆ ಮಾತ್ರ ಬೀಳಬೇಡ; ಒತ್ತಿಲ್ಲದ ‘ತೊಗರಿ’ ಎಂದು ಬರೆಯಹೊರಟರೂ ಒತ್ವ, ಗುಡಿಸು ತೂರಿಸಲು ಜಾಗ ಸಾಲದು.

ಇನ್ನೊಂದು ಮಾತು, ಇದನ್ನು ಮರೆಯಬೇಡ. ಆ ಎಂಟು ನಂಬರಿನ ಬರಹ ಬಾಗಿಲ ಮುಂದಿನ ರಂಗೋಲಿ. ಕರೆಂಟು ಹೋದರೆ ಅಳಿಯಿತು. ಒಮ್ಮೆ ಬರೆದು, ಕೆಲಸವಾಯಿತೆಂದು ದುಡ್ಡು ಎಣಿಸಿಕೊಂಡು ಬಂದರೆ ಮರುದಿನ ಬೆಳಿಗ್ಗೆಯೇ ಅಂಗಡಿಯವರ ಫೋನು ಬರುತ್ತದೆ. ಕರೆಂಟು ಬಂದಾಗಲೆಲ್ಲ ಮೊದಲು ರೀಸೆಟ್, ಆಮೇಲೆ ಎಷ್ಟು ಮನೆ, ಎಷ್ಟು ಬೆಳಕು ಎಂಬ ಆಜ್ಞೆ, ನಂತರ ನಿನ್ನ ನಾಲ್ಕು ಚಿತ್ರ, ಕೊನೆಗೆ ಬಿಲ್ಲು. ಈ ಸಾಲು ಪ್ರೋಗ್ರಾಮಿನ ತಲೆಯಲ್ಲೇ ಇರಲಿ.

ನಾನು ಜಹೀರಾಬಾದಿನಿಂದ ಬರುವ ಹೊತ್ತಿಗೆ ಎಲ್ಲ ಜೋಡಿಸಿಡು. ನಾನು ಬೇರೇನೂ ಪರೀಕ್ಷೆ ಮಾಡುವುದಿಲ್ಲ. ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕುತ್ತೇನೆ. ‘ದರ’ ಕಂಡರೆ ನೀನು ಪಾಸು.